ತ್ಯಾಗದ ಮೇರೆ ಯಾವದು?



ಕಟ್ಟುಕಥೆಗಳನ್ನು ಓದುವದರಿಂದ ಪ್ರಯೋಜನವೇನೆಂದು ಕೇಳುವವರು ನಮ್ಮಲ್ಲಿ ಕೆಲವರಿದ್ದಾರೆ. ನಡೆಯದ ಸಂಗತಿಗಳನ್ನು ನಡೆದವುಗಳೋ ಎಂಬಂತೆ ವರ್ಣಿಸಿ, ಎಂದೂ ಹುಟ್ಟದ ಜನರ ಸುಖದುಃಖಗಳಿಗಾಗಿ ನಮ್ಮ ಕಣ್ಣಲ್ಲಿ ನೀರು ಬರಮಾಡುವ ಪುಸ್ತಕಗಳಿಂದ ನೇಗಿಲು ಹಿಡಿಯುವವನಿಗೂ ರಾಗಿ ಬೀಸುವವಳಿಗೂ ಆಗುವ ಲಾಭವೇನು? ಇದಕ್ಕೆ ನಾವು ಕೊಡುವ ಉತ್ತರವೇನಂದರೆ, ಒಳ್ಳೇ ಕಥೆಯು ಒಂದು ತಕ್ಕಡಿಯಂತಿದೆ. ನಮ್ಮ ಸ್ವಂತ ಮನೆಯ ಕಾರ್ಯಗಳನ್ನು ತೂಗುವಾಗ ಮೋಹವೂ ಭಯವೂ ನಾಚಿಕೆಯೂ ಬಂದು ತಟ್ಟೆಯ ಮೇಲೆ ಕೈಯಿಡುತ್ತವೆ. ಆದಕಾರಣ ತೂಕವು ಸರಿಬರುವದಿಲ್ಲ. ಪರರ ಕಥೆಯನ್ನು ಕೇಳುವಾಗಲಾದರೋ ನಮಗೆ ಲಾಭನಷ್ಟವಿಲ್ಲದ್ದರಿಂದ ನ್ಯಾಯವು ಯಾವ ಕಡೆಗಿದೆ ಎಂದು ಕಾಣುವದು ಸುಲಭ. ಅಲ್ಲಿ ತೂಗುವದನ್ನು ಕಲಿತವನು ಅದೇ ತಕ್ಕಡಿಯನ್ನು ತನ್ನ ಮನೆಗೂ ತರಬಹುದು.

ಈ ಸಾರಿ ನಾವು ತೂಗಬೇಕೆಂದಿರುವದು ತ್ಯಾಗವೆಂಬ ಗುಣವನ್ನು. ಸ್ನೇಹಿತನಿಗಾಗಲಿ ಸ್ವಂತ ಮನೆಯವರಿಗಾಗಲಿ ತನ್ನ ಸುಖವನ್ನೂ ಪ್ರಾಣವನ್ನೂ ಕೊಟ್ಟವರ ಕಥೆಗಳು ಎಲ್ಲಾ ದೇಶಗಳಲ್ಲಿಯೂ ಇವೆ. ಕೇಳುವವರು ಇವುಗಳನ್ನೇ ಹೆಚ್ಚಾಗಿ ಪ್ರೀತಿಸುತ್ತಾರೆ. ಆದರೆ ಈ ಮಾತು ಬಹು ದೊಡ್ಡದಾಗಿರುವದರಿಂದಲೇ ಇದರೊಳಗೆ ಒಂದು ಅಪಾಯವೂ ಉಂಟು. ತ್ಯಾಗವಲ್ಲದ ಎಷ್ಟೋ ಕಾರ್ಯಗಳು ಇದರ ಹೆಸರನ್ನು ಹೊದ್ದುಕೊಂಡು ನಮ್ಮ ಬಾಗಿಲಿಗೆ ಬರುತ್ತವೆ. ತಂದೆಯು ಮಗಳಿಗೆ, "ಮನೆಗೋಸ್ಕರ ನೀನು ತ್ಯಾಗಮಾಡು" ಅನ್ನುತ್ತಾನೆ. ಗೆಳೆಯನು ಗೆಳೆಯನಿಗೆ, "ನನ್ನ ಮೇಲೆ ಪ್ರೀತಿ ಇದ್ದರೆ ಈ ಒಂದು ಸುಳ್ಳನ್ನು ಹೇಳು" ಅನ್ನುತ್ತಾನೆ. ಹೀಗಿರಲಾಗಿ, ಪ್ರೀತಿಗೋಸ್ಕರ ಯಾವದನ್ನು ಕೊಡಬಹುದು, ಯಾವದನ್ನು ಕೊಡಬಾರದು ಎಂಬದನ್ನು ನಾಲ್ಕು ಕಥೆಗಳನ್ನಿಟ್ಟುಕೊಂಡು ವಿಚಾರಿಸೋಣ.

1. ತನ್ನದನ್ನು ಕೊಟ್ಟವನು

ಇಂಗ್ಲಿಷ್ ಗ್ರಂಥಕರ್ತನಾದ ಚಾರ್ಲ್ಸ್ ಡಿಕನ್ಸ್ ಎಂಬವನು 1859ನೇ ಇಸವಿಯಲ್ಲಿ ಎರಡು ನಗರಗಳ ಕಥೆ ಎಂಬ ಅರ್ಥವುಳ್ಳ ಹೆಸರಿನ ಒಂದು ಕಾದಂಬರಿಯನ್ನು ಪ್ರಕಟಿಸಿದನು. ಲಂಡನ್, ಪ್ಯಾರಿಸ್ ಎಂಬ ಪಟ್ಟಣಗಳೇ ಆ ಎರಡು ನಗರಗಳು. ಕಥೆಯ ಕೊನೇ ಭಾಗವು, 1789ರಲ್ಲಿ ಆರಂಭವಾದ ಫ್ರೆಂಚ್ ಕ್ರಾಂತಿಯು ರಕ್ತಪಾತಕ್ಕೆ ತಿರುಗಿದ ದಿವಸಗಳಲ್ಲಿ ನಡೆಯುತ್ತದೆ. ಸಿಡ್ನಿ ಕಾರ್ಟನ್ ಎಂಬ ವಕೀಲನು ಬುದ್ಧಿವಂತನಾಗಿದ್ದರೂ ಕುಡಿತದಿಂದಲೂ ಸೋಮಾರಿತನದಿಂದಲೂ ತನ್ನ ಬಾಳನ್ನು ಹಾಳುಮಾಡಿಕೊಂಡಿದ್ದನು. ಅವನು ಲೂಸಿ ಎಂಬ ಕನ್ಯೆಯನ್ನು ಪ್ರೀತಿಸಿದರೂ ತಾನು ಅವಳಿಗೆ ಯೋಗ್ಯನಲ್ಲವೆಂದು ಅರಿತುಕೊಂಡನು. ಅವಳು ಚಾರ್ಲ್ಸ್ ಡಾರ್ನೆ ಎಂಬವನನ್ನು ಮದುವೆಯಾದಳು. ಡಾರ್ನೆಯು ಬಡವರನ್ನು ಹಿಂಸಿಸಿದ ಒಂದು ಫ್ರೆಂಚ್ ಕುಲೀನ ಮನೆತನದಲ್ಲಿ ಹುಟ್ಟಿ, ಆ ಆಸ್ತಿಯನ್ನು ಬೇಡವೆಂದು ಬಿಟ್ಟುಬಂದವನು. ಹಾಗಿದ್ದರೂ, ಅಪಾಯದಲ್ಲಿದ್ದ ತನ್ನ ಮನೆಯ ಒಬ್ಬ ಹಳೇ ಕೆಲಸಗಾರನನ್ನು ಬಿಡಿಸುವದಕ್ಕೆ ಪ್ಯಾರಿಸಿಗೆ ಹೋದಾಗ ಅವನು ಹಿಡಿಯಲ್ಪಟ್ಟು, ತನ್ನ ಹಿರಿಯರ ಪಾಪಕ್ಕಾಗಿ ಮರಣದಂಡನೆಯನ್ನು ಹೊಂದಿದನು.

ಕಾರ್ಟನಿಗೂ ಡಾರ್ನೆಗೂ ಮುಖದಲ್ಲಿ ಹೋಲಿಕೆ ಇತ್ತು. ಕಾರ್ಟನು ಉಪಾಯದಿಂದ ಸೆರೆಮನೆಯೊಳಗೆ ಹೋಗಿ, ಡಾರ್ನೆಗೆ ಎಚ್ಚರತಪ್ಪುವ ಔಷಧವನ್ನು ಮೂಸಿಸಿ, ಬಟ್ಟೆಗಳನ್ನು ಬದಲುಮಾಡಿ ಅವನನ್ನು ಹೊರಗೆ ಕಳುಹಿಸಿ, ಅವನ ಹೆಸರಿನಲ್ಲಿ ತಾನೇ ಕೊಲೆಯಂತ್ರದ ಕೆಳಗೆ ತಲೆಯಿಟ್ಟನು. ಆ ದಿವಸ ಸಾಯಬೇಕಾಗಿದ್ದವರು 52 ಮಂದಿ. ಅವರಲ್ಲಿ ಬಟ್ಟೆ ಹೊಲಿದು ಜೀವಿಸುತ್ತಿದ್ದ ಒಬ್ಬ ಬಡ ಹುಡುಗಿಯು ಮಾತ್ರ ಇವನು ಬೇರೊಬ್ಬನೆಂದು ಗುರುತಿಸಿದಳು. ಕೊನೇ ಗಳಿಗೆಯ ವರೆಗೂ ಅವನು ಅವಳ ಕೈಯನ್ನು ಹಿಡುಕೊಂಡು ಧೈರ್ಯ ಹೇಳಿದನು.

ಇಲ್ಲಿ ನಾವು ಗಮನಿಸತಕ್ಕದ್ದು ಏನಂದರೆ, ಅವನು ಕೊಟ್ಟದ್ದು ತನ್ನ ಪ್ರಾಣವನ್ನೇ. ಬೇರೆ ಯಾರ ಪ್ರಾಣವನ್ನೂ ಅವನು ಬೆಲೆಯಾಗಿ ತೆರಲಿಲ್ಲ. ಯಾರೂ ಅವನನ್ನು ಬಲಾತ್ಕಾರ ಮಾಡಲಿಲ್ಲ, ಇದು ನಿನ್ನ ಕರ್ತವ್ಯವೆಂದು ಯಾರೂ ಹೇಳಿಕೊಡಲಿಲ್ಲ. ಲೂಸಿಗೆ ಮುಂದಾಗಿ ತಿಳಿಸಿ ಅವಳಿಂದ ಸ್ತೋತ್ರವನ್ನು ಪಡಕೊಳ್ಳಬೇಕೆಂದೂ ಅವನು ಇಚ್ಛಿಸಲಿಲ್ಲ. ಸೆರೆಮನೆಯ ಬಾಗಲಲ್ಲಿ ಅವನು ಮೋಸವನ್ನು ಉಪಯೋಗಿಸಿದನಲ್ಲಾ ಎಂದು ಕೆಲವರು ಹೇಳುವರು. ಆ ಗಂಟನ್ನು ಮುಂದೆ ಬಿಚ್ಚುವದಕ್ಕೆ ಪ್ರಯತ್ನಿಸೋಣ. ಸದ್ಯಕ್ಕೆ ತ್ಯಾಗದ ಮೊದಲನೇ ಗುರುತನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ: ಕೊಡುವವನೂ ಕಳಕೊಳ್ಳುವವನೂ ಒಬ್ಬನೇ ಆಗಿರಬೇಕು.

2. ಪರರದನ್ನು ಕೊಟ್ಟವನು

ಈಗ ನಮ್ಮ ಕನ್ನಡ ಹೆಂಗಸರು ತಲೆತಲಾಂತರದಿಂದ ಹಾಡುತ್ತಾ ಬಂದಿರುವ ಕೆರೆಗೆ ಹಾರ ಎಂಬ ಹಾಡನ್ನು ನೋಡಿರಿ. ಕಲ್ಲನಕೇರಿಯ ಮಲ್ಲನಗೌಡನು ಒಂದು ಕೆರೆಯನ್ನು ಕಟ್ಟಿಸಿದನು. ಅದರಲ್ಲಿ ಒಂದು ತೊಟ್ಟು ನೀರೂ ನಿಲ್ಲಲಿಲ್ಲ. ಶಾಸ್ತ್ರ ಕೇಳಿದಾಗ ಸೊಸೆಯರಲ್ಲಿ ಒಬ್ಬಳನ್ನು ಕೆರೆಗೆ ಬಲಿಕೊಡಬೇಕೆಂದು ಹೊತ್ತಗೆಯವರು ಹೇಳಿದರು. ಹಿರೀ ಸೊಸೆಯನ್ನು ಕೊಟ್ಟರೆ ಮನೆ ನಡೆಯುವದಿಲ್ಲವೆಂದು ಎಣಿಸಿ, ಕಿರೀ ಸೊಸೆಯಾದ ಭಾಗೀರಥಿಯನ್ನು ಗೊತ್ತುಮಾಡಿದರು. ಅವಳ ಗಂಡನಾದ ಮಾದೇವರಾಯನು ದಂಡಿನಲ್ಲಿದ್ದನು.

ಭಾಗೀರಥಿಯು ಸಂಗತಿಯನ್ನು ತಿಳಿದು ತವರಿಗೆ ಹೋದಳು. ಬಾಡಿದ ಮುಖವನ್ನು ಕಂಡು ತಂದೆತಾಯಿಗಳು ಕಾರಣ ಕೇಳಿದರು. ಅತ್ತೆಮಾವಂದಿರು ಬೇರೆ ಇಡುತ್ತಾರೆಂದು ಹೇಳಿ ನಿಜವನ್ನು ಮರೆಮಾಡಿದಳು. ಗೆಳತಿಯ ಮುಂದೆ ಮಾತ್ರ ಮನಸ್ಸನ್ನು ಬಿಚ್ಚಿದಳು. ಆ ಗೆಳತಿಯೂ ಕೊಟ್ಟವರು ಇಟ್ಟ ಹಾಗೆ ಇರಬೇಕೆಂಬ ಬುದ್ಧಿಯನ್ನೇ ಹೇಳಿದಳು. ಅವಳು ಗಂಡನ ಮನೆಗೆ ತಿರುಗಿ ಬಂದು ಕೆಲಸಗಳನ್ನೆಲ್ಲಾ ಮಾಡಿ, ಪೂಜೆಗೆಂದು ಕೆರೆಗೆ ಇಳಿದಳು. ನೀರು ಪಾದದಿಂದ ಮೊಣಕಾಲಿಗೂ ನಡುವಿಗೂ ಏರಿ ಕೊನೆಗೆ ಅವಳನ್ನು ಮುಚ್ಚಿತು. ಕೆಟ್ಟ ಕನಸು ಕಂಡು ಕುದುರೆಯೇರಿ ಬಂದ ಗಂಡನು ನಿಜವನ್ನು ತಿಳಿದು ತಾನೂ ಅದೇ ಕೆರೆಗೆ ಹಾರಿದನು.

ಕೆಲವರು ಈ ಹಾಡನ್ನು ಕೇಳಿ, "ಊರಿಗೋಸ್ಕರ ಎಂಥಾ ತ್ಯಾಗ!" ಅನ್ನುತ್ತಾರೆ. ಆದರೆ ತ್ಯಾಗ ಮಾಡಿದವರು ಯಾರು? ಕೆರೆ ಬೇಕಾಗಿದ್ದದ್ದು ಮಾವನಿಗೆ, ಹೆಸರು ಬರುವದೂ ಅವನಿಗೇ, ಪ್ರಾಣವಾದರೋ ಸೊಸೆಯದು. ಅವನು ತನ್ನದಲ್ಲದ ಒಂದನ್ನು ತೆಗೆದು ಕೊಟ್ಟನು. ಪರರ ಹೊಲದ ಬೆಳೆಯನ್ನು ಕೊಯ್ದು ದಾನಮಾಡುವವನನ್ನು ದಾನಶೂರನೆಂದು ಯಾರೂ ಹೇಳುವದಿಲ್ಲವಲ್ಲಾ? ಹಾಗಾದರೆ ಪರರ ಪ್ರಾಣವನ್ನು ಕೊಡುವವನನ್ನು ತ್ಯಾಗಿ ಎಂದು ಹೇಗೆ ಹೇಳೋಣ? ಭಾಗೀರಥಿಯು ತಾನಾಗಿಯೇ ನೀರಿಗೆ ಇಳಿದಳಲ್ಲಾ ಎಂದರೆ, ಎಲ್ಲಾ ಬಾಗಲುಗಳು ಮುಚ್ಚಲ್ಪಟ್ಟ ಮೇಲೆ ಉಳಿದ ಒಂದು ಬಾಗಲಿನಿಂದ ಹೋಗುವವಳನ್ನು ತಾನಾಗಿ ಹೋದಳೆಂದು ಹೇಳುವದು ನ್ಯಾಯವಲ್ಲ. ತವರಿನಲ್ಲಿ ಅವಳು ನಿಜವನ್ನು ಹೇಳದೆ ಹೋದದ್ದೂ, ಹೇಳಿದ ಒಬ್ಬ ಗೆಳತಿಯಿಂದಲೂ ಆಸರೆ ಸಿಕ್ಕದೆ ಹೋದದ್ದೂ ಆ ಹಾಡಿನಲ್ಲಿ ಎಲ್ಲಕ್ಕಿಂತ ದುಃಖಕರವಾದ ಸಂಗತಿಗಳು. ಆ ಗೆಳತಿಯು, "ನೀನು ಹೋಗಬೇಡ, ನಾನು ನಿನ್ನ ತಂದೆಗೆ ತಿಳಿಸುತ್ತೇನೆ" ಎಂದು ಹೇಳಿದ್ದರೆ ಅದೇ ಸ್ನೇಹವಾಗಿರುತ್ತಿತ್ತು. ಹಾಡು ಕಟ್ಟಿದ ಹೆಂಗಸರಿಗೂ ಇದು ತಿಳಿದಿತ್ತೆಂದು ನಮಗೆ ತೋರುತ್ತದೆ. ಯಾಕಂದರೆ ಕೆರೆ ತುಂಬಿದ ಸಂತೋಷದಿಂದ ಅವರು ಹಾಡನ್ನು ಮುಗಿಸಲಿಲ್ಲ, ಗಂಡನ ಮರಣದಿಂದ ಮುಗಿಸಿದರು.

3. ಸ್ನೇಹಿತನಿಗೆ ನ್ಯಾಯವನ್ನು ಕೊಟ್ಟವನು

ಮೂರನೆಯದು ಸ್ನೇಹದ ಕಥೆ. ಭಾರತದ ಕರ್ಣನನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ಪಂಪ ಕವಿಯು 941ರಲ್ಲಿ ಮುಗಿಸಿದ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನನ್ನು ನಾಯಕನನ್ನಾಗಿ ಮಾಡಿದ್ದರೂ ಕರ್ಣನ ಸತ್ಯವನ್ನೂ ತ್ಯಾಗವನ್ನೂ ಬಹಳವಾಗಿ ಹೊಗಳಿದ್ದಾನೆ. ಎಲ್ಲರೂ ಸೂತನ ಮಗನೆಂದು ಹೀಯಾಳಿಸಿದಾಗ ದುರ್ಯೋಧನನು ಅವನಿಗೆ ಅಂಗರಾಜ್ಯವನ್ನು ಕೊಟ್ಟು ಗೆಳೆಯನೆಂದು ಅಪ್ಪಿಕೊಂಡನು. ಯುದ್ಧಕ್ಕೆ ಮುಂಚೆ ಕೃಷ್ಣನು ಅವನ ಹುಟ್ಟನ್ನು ತಿಳಿಸಿ, ಪಾಂಡವರಿಗೆ ನೀನೇ ಹಿರಿಯನು, ರಾಜ್ಯವು ನಿನ್ನದೇ ಎಂದು ಹೇಳಿದಾಗ್ಯೂ ಅವನು ಗೆಳೆಯನನ್ನು ಬಿಡಲಿಲ್ಲ. ಹೆತ್ತ ತಾಯಿಯು ಬಂದು ಬೇಡಿದಾಗಲೂ ಬಿಡಲಿಲ್ಲ. ರಾಜ್ಯವನ್ನೂ ಸಹೋದರರನ್ನೂ ಪ್ರಾಣವನ್ನೂ ಸ್ನೇಹಕ್ಕಾಗಿ ಕೊಟ್ಟನು.

ಇವನು ಮಲ್ಲನಗೌಡನಂಥವನಲ್ಲ, ತನ್ನದನ್ನೇ ಕೊಟ್ಟನು, ಅದೂ ಧಾರಾಳವಾಗಿ. ಆದಾಗ್ಯೂ ಕಥೆಯನ್ನು ಕೇಳಿ ಮುಗಿಸಿದಾಗ ನಮ್ಮ ಮನಸ್ಸಿಗೆ ಯಾಕೆ ಸಮಾಧಾನವಾಗುವದಿಲ್ಲ? ಯಾಕಂದರೆ ಅವನ ತ್ಯಾಗವೆಲ್ಲಾ ಒಂದು ಅನ್ಯಾಯಕ್ಕೆ ಊರುಗೋಲಾಯಿತು. ಜೂಜಿನ ಸಭೆಯಲ್ಲಿ ದ್ರೌಪದಿಗೆ ಅವಮಾನವಾದಾಗ ಅವನು ಗೆಳೆಯನ ಕೈಯನ್ನು ತಡೆಯಲಿಲ್ಲ. ತಾನೂ ಕಠಿಣವಾದ ಮಾತುಗಳನ್ನಾಡಿದನು. ಗೆಳೆಯನಿಗೆ ಪ್ರಾಣವನ್ನು ಕೊಟ್ಟವನು, ಆ ಪ್ರಾಣಕ್ಕಿಂತ ಹೆಚ್ಚು ಅವಶ್ಯವಾಗಿದ್ದ ಒಂದು ಒಳ್ಳೇ ಮಾತನ್ನು ಕೊಡಲಿಲ್ಲ. "ನೀನು ಮಾಡುವದು ತಪ್ಪು, ಇದರಲ್ಲಿ ನಾನು ನಿನ್ನ ಸಂಗಡ ಬರುವದಿಲ್ಲ" ಎಂದು ಅವನು ಹೇಳಿದ್ದರೆ ದುರ್ಯೋಧನನ ಕೋಪಕ್ಕೆ ಗುರಿಯಾಗುತ್ತಿದ್ದನು, ಅಂಗರಾಜ್ಯವನ್ನು ಕಳಕೊಳ್ಳುತ್ತಿದ್ದನು, ಕೃತಘ್ನನೆಂಬ ಹೆಸರನ್ನು ಹೊರುತ್ತಿದ್ದನು. ಯುದ್ಧದಲ್ಲಿ ಸಾಯುವದಕ್ಕಿಂತಲೂ ಅದು ಕಠಿಣವಾದ ತ್ಯಾಗವಾಗಿತ್ತು. ಅದನ್ನು ಅವನು ಮಾಡಲಾರದೆ ಹೋದನು. ನಾವು ಉಂಡ ಅನ್ನದ ಋಣವನ್ನು ನಮ್ಮ ಬೆವರಿನಿಂದಲೂ ರಕ್ತದಿಂದಲೂ ತೀರಿಸಬಹುದೇ ಹೊರತು, ಪರರಿಗೆ ಸಲ್ಲತಕ್ಕ ನ್ಯಾಯದಿಂದ ತೀರಿಸಕೂಡದು. ಆ ನ್ಯಾಯವು ನಮ್ಮ ಗಂಟಲ್ಲ.

4. ತಂಗಿಗಾಗಿ ಸುಳ್ಳು ಹೇಳದೆ ಹೋದ ಅಕ್ಕ

ನಾಲ್ಕನೇ ಕಥೆಯು ಎಲ್ಲಕ್ಕಿಂತ ಕಠಿಣವಾದದ್ದು. ಆದಕಾರಣ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಸ್ಕಾಟ್ಲೆಂಡಿನ ಸರ್ ವಾಲ್ಟರ್ ಸ್ಕಾಟ್ ಎಂಬ ಗ್ರಂಥಕರ್ತನು 1818ರಲ್ಲಿ ಮಿಡ್ಲೋಥಿಯನಿನ ಹೃದಯ ಎಂಬ ಅರ್ಥವುಳ್ಳ ಹೆಸರಿನ ಕಾದಂಬರಿಯನ್ನು ಪ್ರಕಟಿಸಿದನು. ಎಡಿನ್‌ಬರೋ ಪಟ್ಟಣದಲ್ಲಿದ್ದ ಹಳೇ ಸೆರೆಮನೆಗೆ ಜನರು ಇಟ್ಟಿದ್ದ ಅಡ್ಡಹೆಸರೇ ಅದು. ಕಥೆಯು 1736ನೇ ಇಸವಿಯಲ್ಲಿ ಆರಂಭವಾಗುತ್ತದೆ.

ಡೇವಿಡ್ ಡೀನ್ಸ್ ಎಂಬ ಬಡ ಒಕ್ಕಲಿಗನು ದನಗಳನ್ನು ಸಾಕಿ ಜೀವನಮಾಡುತ್ತಿದ್ದನು. ಅವನು ದೇವಭಕ್ತನೂ ಬಹು ಕಟ್ಟುನಿಟ್ಟಿನವನೂ ಆಗಿದ್ದನು. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಾದ ಜೀನಿಯು ರೂಪವತಿಯಲ್ಲ, ಹೆಚ್ಚು ಓದಿದವಳಲ್ಲ. ಹಾಲು ಕರೆದು ಬೆಣ್ಣೆ ಕಡೆದು ಮನೆಯನ್ನು ನಡಿಸುವವಳು. ತಾಯಿ ಬೇರೆಯಾದ ಕಿರೀ ತಂಗಿ ಎಫಿಯು ಚೆಲುವೆ, ಎಲ್ಲರ ಮುದ್ದು. ಪಟ್ಟಣದಲ್ಲಿ ಅಂಗಡಿಯ ಕೆಲಸಕ್ಕೆ ಹೋದಾಗ ಒಬ್ಬನು ಅವಳನ್ನು ಮರುಳುಮಾಡಿದನು. ಅವಳು ಗರ್ಭಿಣಿಯಾಗಿ, ನಾಚಿಕೆಯಿಂದ ಯಾರಿಗೂ ಹೇಳದೆ, ಗುಪ್ತವಾಗಿ ಮಗುವನ್ನು ಹೆತ್ತಳು. ಆ ಮಗುವು ಕಾಣೆಯಾಯಿತು.

ಆ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ 1690ರ ಒಂದು ಕ್ರೂರವಾದ ಕಾಯಿದೆ ಇತ್ತು. ಸ್ತ್ರೀಯು ತನ್ನ ಗರ್ಭವನ್ನು ಕೊನೇ ವರೆಗೂ ಮರೆಮಾಡಿ, ಹೆರಿಗೆಯಲ್ಲಿ ಯಾರ ಸಹಾಯವನ್ನೂ ಕೇಳದೆ, ಆ ಮೇಲೆ ಮಗುವು ಸತ್ತಿದ್ದರೆ ಇಲ್ಲವೆ ಕಾಣೆಯಾಗಿದ್ದರೆ, ಕೊಲೆಗೆ ಬೇರೆ ಸಾಕ್ಷಿ ಇಲ್ಲದಿದ್ದರೂ ಅವಳನ್ನು ಕೊಲೆಗಾರಳೆಂದೇ ಎಣಿಸತಕ್ಕದ್ದೆಂದು ಅದು ವಿಧಿಸಿತ್ತು. ಈ ಕಾಯಿದೆಯು 1809ರ ವರೆಗೆ ನಡೆದುಬಂತು. ಆದರೆ ಅದರಿಂದ ತಪ್ಪಿಸಿಕೊಳ್ಳುವದಕ್ಕೆ ಒಂದು ಸಣ್ಣ ಸಂದು ಇತ್ತು. ಆ ಸ್ತ್ರೀಯು ತನ್ನ ಅವಸ್ಥೆಯನ್ನು ಯಾರಾದರೊಬ್ಬರಿಗೆ ಹೇಳಿದ್ದಳೆಂದು ರುಜುವಾದರೆ ಸಾಕು, ಆ ಅಪವಾದವು ನಿಲ್ಲುತ್ತಿರಲಿಲ್ಲ.

ಈಗ ವಾಚಕರೇ, ಜೀನಿಯ ಸಂಕಟವನ್ನು ನೋಡಿರಿ. ಅವಳು ನ್ಯಾಯಸ್ಥಾನದಲ್ಲಿ ನಿಂತು, "ತಂಗಿಯು ನನಗೆ ಹೇಳಿದ್ದಳು" ಎಂಬ ಒಂದೇ ಮಾತನ್ನು ನುಡಿದರೆ ತಂಗಿಯ ಪ್ರಾಣವು ಉಳಿಯುವದು. ಆದರೆ ಎಫಿಯು ಅವಳಿಗೆ ಹೇಳಿರಲಿಲ್ಲ. ತಂಗಿಯನ್ನು ಕೆಡಿಸಿದವನೇ ಕತ್ತಲಲ್ಲಿ ಜೀನಿಯನ್ನು ಎದುರುಗೊಂಡು, ಸುಳ್ಳು ಹೇಳೆಂದು ಬೇಡಿದನು, ಬೆದರಿಸಿದನು. ವಕೀಲರೂ ಅವಳ ಮಾತಿನ ಮೇಲೆಯೇ ಭರವಸವಿಟ್ಟಿದ್ದರು. ಮುದುಕನಾದ ತಂದೆಯು ನ್ಯಾಯಸ್ಥಾನದಲ್ಲಿ ಕುಳಿತಿದ್ದನು. ಜೀನಿಯು ದೇವರ ಮುಂದೆ ಪ್ರಮಾಣಮಾಡಿ ನಿಂತಾಗ, ತಂಗಿಯು ನಿನಗೆ ಏನು ಹೇಳಿದಳೆಂಬ ಪ್ರಶ್ನೆ ಬಂತು. ಏನೂ ಹೇಳಲಿಲ್ಲವೆಂದು ಉತ್ತರಕೊಟ್ಟಳು. ತಂದೆಯು ಮೂರ್ಛೆಹೋಗಿ ಬಿದ್ದನು. ಎಫಿಗೆ ಮರಣದಂಡನೆಯ ತೀರ್ಪಾಯಿತು.

ಇಷ್ಟರಲ್ಲೇ ಕಥೆಯು ಮುಗಿದಿದ್ದರೆ ನಾವು ಪುಸ್ತಕವನ್ನು ಮುಚ್ಚಿ, ಈ ಅಕ್ಕನು ಸತ್ಯವಂತಳಾಗಿರಬಹುದು, ಆದರೆ ಅವಳ ಎದೆಯಲ್ಲಿ ಕಲ್ಲಿದೆ ಎಂದು ಹೇಳುತ್ತಿದ್ದೆವು. ನಮ್ಮ ಗೋವಿನ ಹಾಡಿನ ಪುಣ್ಯಕೋಟಿಯು ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ, ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ, ಸಾಯುವದಕ್ಕೆ ತಿರುಗಿ ಹೋದದ್ದನ್ನು ಎಲ್ಲರೂ ಕೊಂಡಾಡುತ್ತೇವೆ. ಆದರೆ ಪುಣ್ಯಕೋಟಿಯು ತನ್ನ ಸತ್ಯಕ್ಕೆ ಬೆಲೆಯಾಗಿ ಇಟ್ಟದ್ದು ತನ್ನ ಮೈಯನ್ನು. ಜೀನಿಯ ಸತ್ಯಕ್ಕೆ ಬೆಲೆಯು ತಂಗಿಯ ಕೊರಳು! ತನ್ನ ಮನಸ್ಸಾಕ್ಷಿಯನ್ನು ನಿರ್ಮಲವಾಗಿ ಕಾದುಕೊಳ್ಳುವದಕ್ಕೆ ಮತ್ತೊಬ್ಬಳನ್ನು ಗಲ್ಲಿಗೆ ಕಳುಹಿಸುವದು ಮಲ್ಲನಗೌಡನ ಕಾರ್ಯಕ್ಕಿಂತ ಯಾವದರಲ್ಲಿ ಮೇಲು? ಇದಲ್ಲದೆ ಎಫಿಯು ನಿಜವಾಗಿ ನಿರಪರಾಧಿ. ಮಗುವು ಸತ್ತಿರಲಿಲ್ಲ, ಒಬ್ಬ ದುಷ್ಟ ಮುದುಕಿಯು ಅದನ್ನು ಕದ್ದಿದ್ದಳೆಂದು ಕಥೆಯ ಮುಂದಿನ ಭಾಗದಲ್ಲಿ ಹೊರಬೀಳುತ್ತದೆ. ಹಾಗಾದರೆ ಜೀನಿಯ ಸುಳ್ಳು ನ್ಯಾಯವನ್ನು ಮಾಡುತ್ತಿತ್ತು. ಅವಳ ಸತ್ಯವು ಅನ್ಯಾಯಕ್ಕೆ ಕಾರಣವಾಯಿತು. ಈ ಆಕ್ಷೇಪವು ಹಗುರವಾದದ್ದಲ್ಲ. ಇದಕ್ಕೆ ಉತ್ತರವನ್ನು ಕಥೆಯೇ ಕೊಡುತ್ತದೆ, ಅದೂ ಮಾತಿನಿಂದಲ್ಲ, ಕಾಲುಗಳಿಂದ.

ತೀರ್ಪಾದ ಮೇಲೆ ಜೀನಿಯು ಮನೆಗೆ ಹೋಗಿ ಅಳುತ್ತಾ ಕೂತಿರಲಿಲ್ಲ. ಎಡಿನ್‌ಬರೋದಿಂದ ಲಂಡನ್ ಸುಮಾರು 400 ಮೈಲು. ಅಲ್ಲಿಗೆ ಹೋಗಿ ರಾಣಿಯ ಬಾಯಿಂದಲೇ ಕ್ಷಮೆಯನ್ನು ತರುತ್ತೇನೆಂದು ಅವಳು ಹೊರಟಳು. ಊರು ಬಿಟ್ಟು ಎಂದೂ ದೂರ ಹೋಗದ ಒಬ್ಬ ಹಳ್ಳಿಯ ಹೆಂಗಸು, ಸ್ವಲ್ಪ ಹಣವನ್ನು ಸಾಲವಾಗಿ ತಕ್ಕೊಂಡು, ಜೋಡು ಸವೆಯಬಾರದೆಂದು ಅದನ್ನು ಕೈಯಲ್ಲಿ ಹಿಡುಕೊಂಡು, ಸ್ಕಾಟ್ಲೆಂಡಿನ ದಾರಿಯಲ್ಲಿ ಬರಿಗಾಲಿನಿಂದ ನಡೆದಳು. ದಾರಿಯಲ್ಲಿ ಕಳ್ಳರು ಹಿಡಿದರು. ಹುಚ್ಚಿಯೊಬ್ಬಳ ಕೈಗೆ ಸಿಕ್ಕಿ ಪಾಡುಪಟ್ಟಳು. ಬಹುದೂರವನ್ನು ಹೀಗೆ ಕಾಲ್ನಡಿಗೆಯಿಂದ ಕಳೆದು, ಕಡೇ ಭಾಗವನ್ನು ಬಾಡಿಗೆ ಬಂಡಿಯಲ್ಲಿ ಮುಗಿಸಿ ಲಂಡನ್ ಸೇರಿದಳು. ಅಲ್ಲಿ ತನ್ನ ದೇಶದ ಪ್ರಭುವಾದ ಆರ್ಗೈಲ್ ಡ್ಯೂಕನನ್ನು ಕಂಡಳು. ಅವನು ಅವಳ ಸರಳತೆಗೂ ಸತ್ಯಕ್ಕೂ ಕರಗಿ, ರಿಚ್ಮಂಡಿನಲ್ಲಿ ಕ್ಯಾರೊಲೈನ್ ರಾಣಿಯ ಬಳಿಗೆ ಅವಳನ್ನು ಕರಕೊಂಡುಹೋದನು.

ಆ ಸಮಯದಲ್ಲಿ ರಾಣಿಗೆ ಎಡಿನ್‌ಬರೋ ಪಟ್ಟಣದವರ ಮೇಲೆ ಬಹಳ ಕೋಪವಿತ್ತು. 1736ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಜನರು, ಸರಕಾರದವರು ಶಿಕ್ಷೆಯನ್ನು ಮುಂದಕ್ಕೆ ಹಾಕಿದ್ದ ಪೋರ್ಟಿಯಸ್ ಎಂಬ ದಳಪತಿಯನ್ನು ಸೆರೆಮನೆಯಿಂದ ಎಳಕೊಂಡುಹೋಗಿ ಗಲ್ಲಿಗೆ ಹಾಕಿದ್ದರು. ಹೀಗಿದ್ದರೂ ಆ ಹಳ್ಳಿಗಿತ್ತಿಯ ಬಿನ್ನಹವು ರಾಣಿಯ ಮನಸ್ಸನ್ನು ತಿರುಗಿಸಿತು. ಮರಣದ ಗಳಿಗೆಯು ದೊಡ್ಡವರಿಗೂ ಸಣ್ಣವರಿಗೂ ಬರುವದು, ಆಗ ನಾವು ನಮಗಾಗಿ ಮಾಡಿಕೊಂಡದ್ದಲ್ಲ, ಪರರಿಗಾಗಿ ಮಾಡಿದ್ದೇ ನಮ್ಮನ್ನು ಸಂತೈಸುವದು ಎಂಬದೇ ಅವಳ ಮಾತಿನ ತಾತ್ಪರ್ಯ. ಎಫಿಗೆ ಕ್ಷಮೆ ದೊರಕಿತು.

ಇದು ಬರೀ ಕಲ್ಪನೆಯೆಂದು ಎಣಿಸಬೇಡಿರಿ. ಸ್ಕಾಟನು ಈ ಕಥೆಯನ್ನು ಹೆಲೆನ್ ವಾಕರ್ ಎಂಬ ಬಡ ಹೆಂಗಸಿನ ನಿಜವಾದ ಚರಿತ್ರೆಯಿಂದ ತೆಗೆದನು. ಅವಳೂ ತಂಗಿಗಾಗಿ ಸುಳ್ಳುಸಾಕ್ಷಿ ಹೇಳಲೊಲ್ಲದೆ, ತಂಗಿಗೆ ತೀರ್ಪಾದ ಮೇಲೆ ಲಂಡನಿನ ವರೆಗೆ ನಡೆದು, ಆರ್ಗೈಲ್ ಡ್ಯೂಕನ ಮೂಲಕ ಕ್ಷಮೆಯನ್ನು ತಂದಳು. ಅವಳು ಕಾಲುಚೀಲಗಳನ್ನು ಹೆಣೆದೂ ಕೋಳಿಗಳನ್ನು ಸಾಕಿಯೂ ಬಡತನದಲ್ಲಿಯೇ ಬಾಳಿ 1791ರಲ್ಲಿ ತೀರಿಹೋದಳು. 1831ರಲ್ಲಿ ಸ್ಕಾಟನು ಡಂಫ್ರೀಸ್ ಪಟ್ಟಣದ ಸಮೀಪದ ಐರನ್‌ಗ್ರೇ ಎಂಬ ಊರಿನ ದೇವಾಲಯದ ಅಂಗಳದಲ್ಲಿ ಅವಳ ಸಮಾಧಿಯ ಮೇಲೆ ಒಂದು ಕಲ್ಲನ್ನು ನಿಲ್ಲಿಸಿದನು.

5. ಆಕ್ಷೇಪಕ್ಕೆ ಉತ್ತರ

ಈಗ ಆ ಗಂಟಿಗೆ ಬರೋಣ. ಜೀನಿಯು ಸುಳ್ಳು ಹೇಳಲಿಲ್ಲ. ಕಾರ್ಟನು ಸುಳ್ಳು ಹೆಸರಿನಿಂದ ಸತ್ತನು. ಇಬ್ಬರನ್ನೂ ಹೊಗಳುವದು ಹೇಗೆ? ಕಾರ್ಟನ ಉಪಾಯವನ್ನು ನಾವು ಮಾದರಿಯಾಗಿ ಇಡುವದಿಲ್ಲ. ಅವನಲ್ಲಿ ನಮ್ಮನ್ನು ಕರಗಿಸುವದು ಅವನು ಮಾಡಿದ ಮೋಸವಲ್ಲ, ಇಟ್ಟ ತಲೆ. ಅವನು ಪ್ರಮಾಣಮಾಡಿ ಯಾರಿಗೂ ಮಾತು ಕೊಟ್ಟಿರಲಿಲ್ಲ; ಮೋಸದ ಬೆಲೆಯನ್ನೆಲ್ಲಾ ತಾನೇ ತೆತ್ತನು. ಜೀನಿಯಾದರೋ ಪ್ರಮಾಣದ ಕೆಳಗೆ ನಿಂತಿದ್ದಳು. ಅವಳ ಬಾಯಿಂದ ಬರುವ ಮಾತು ಅವಳ ಸೊತ್ತಾಗಿರಲಿಲ್ಲ. ನ್ಯಾಯಸ್ಥಾನಕ್ಕೆ ಬರುವ ಪ್ರತಿಯೊಬ್ಬ ಬಡವನೂ ಸಾಕ್ಷಿಯ ಮಾತು ನಿಜವೆಂಬ ನಂಬಿಕೆಯ ಮೇಲೆಯೇ ಬದುಕುತ್ತಾನೆ. ಇಂದು ನನ್ನ ತಂಗಿಯನ್ನು ಬಿಡಿಸುವದಕ್ಕೆ ನಾನು ಹೇಳುವ ಸುಳ್ಳು, ನಾಳೆ ಮತ್ತೊಬ್ಬನ ತಂಗಿಯನ್ನು ಸಿಕ್ಕಿಸುವದಕ್ಕೆ ಹೇಳಲ್ಪಡುವ ಸುಳ್ಳಿಗೆ ದಾರಿ ಮಾಡಿಕೊಡುತ್ತದೆ. ಆದಕಾರಣ ಸತ್ಯವೂ ನ್ಯಾಯದಂತೆಯೇ ನಮ್ಮ ಗಂಟಲ್ಲ.

ಆದರೂ ಇಷ್ಟೇ ಹೇಳಿದರೆ ಅರ್ಧ ಉತ್ತರವಾಗುವದು. ಜೀನಿಯನ್ನು ಮಲ್ಲನಗೌಡನಿಂದ ಬೇರ್ಪಡಿಸುವದು ಆ 400 ಮೈಲಿನ ದಾರಿಯೇ. ಅವಳು ಸುಲಭವಾದ ಸಹಾಯವನ್ನು ಬೇಡವೆಂದ ಕ್ಷಣದಿಂದ ಕಠಿಣವಾದ ಸಹಾಯಕ್ಕೆ ಸಾಲಗಾರಳಾದಳು. ಆ ಸಾಲವನ್ನು ಕಾಸು ಬಿಡದೆ ತೀರಿಸಿದಳು. ಸುಳ್ಳು ಹೇಳುವದಕ್ಕೆ ಒಂದು ನಿಮಿಷ ಸಾಕಾಗುತ್ತಿತ್ತು, ಎಲ್ಲರೂ ಅವಳನ್ನು ಮೆಚ್ಚುತ್ತಿದ್ದರು. ಸತ್ಯವನ್ನು ಹೇಳಿದ್ದರಿಂದ ದಿನಗಟ್ಟಳೆಯ ಹಸಿವೂ ಭಯವೂ ನಿಂದೆಯೂ ಪಾಲಿಗೆ ಬಂದವು. ತಂಗಿಗಾಗಿ ಅವಳು ತನ್ನ ಮೈಯನ್ನೂ ನಿದ್ರೆಯನ್ನೂ ಮಾನವನ್ನೂ ಕೊಟ್ಟಳು, ಇವು ಅವಳವು. ಸತ್ಯವನ್ನು ಮಾತ್ರ ಕೊಡಲಿಲ್ಲ, ಅದು ಅವಳದಾಗಿರಲಿಲ್ಲ. ರಾಣಿಯ ಮುಂದೆ ಅವಳ ಮಾತಿಗೆ ಬಲ ಬಂದದ್ದಾದರೂ ಎಲ್ಲಿಂದ? ತಂಗಿಯ ಪ್ರಾಣಕ್ಕೋಸ್ಕರವೂ ಸುಳ್ಳಾಡದ ಬಾಯಿಂದ ಅದು ಬಂತು.

ರಾಣಿಯು ಕ್ಷಮಿಸದೆ ಹೋಗಿದ್ದರೆ? ಕಥೆಯಲ್ಲಿ ಎಲ್ಲಾ ಸರಿಹೋಗುತ್ತದೆ. ಬಾಳಿನಲ್ಲಿ ಹಾಗಾಗುವದೆಂದು ಹೇಳಲಾರೆವು. ಕ್ಷಮೆ ಸಿಕ್ಕುವದೆಂದು ಜೀನಿಗೂ ಹೊರಡುವಾಗ ತಿಳಿದಿರಲಿಲ್ಲ. ಕೈಬರಿದಾಗಿ ತಿರುಗಿ ಬಂದಿದ್ದರೆ ಅವಳು ಸಾಯುವ ವರೆಗೂ ಆ ಗಾಯವನ್ನು ಹೊರಬೇಕಾಗಿತ್ತು. ಸತ್ಯವನ್ನು ಹಿಡಿದವನಿಗೆ ದುಃಖವಿಲ್ಲವೆಂದು ಹೇಳುವದು ಸುಳ್ಳಾದೀತು. ಇಷ್ಟು ಮಾತ್ರ ನಿಶ್ಚಯವಾಗಿ ಹೇಳಬಹುದು: ಅವಳು ನಡೆದ ಮೇಲೆ ಯಾರೂ, ಎಫಿಯೂ ಸಹ, ಅಕ್ಕನಿಗೆ ಪ್ರೀತಿ ಇರಲಿಲ್ಲವೆಂದು ಹೇಳಲಾರರು.

6. ನಮ್ಮ ಮನೆಗಳಲ್ಲಿ

ಈ ತಕ್ಕಡಿಯನ್ನು ಮನೆಗೆ ತರೋಣ. ಹೊಲದ ಕಲ್ಲಿನ ವ್ಯಾಜ್ಯದಲ್ಲಿ ಅಣ್ಣನು ತಮ್ಮನನ್ನು ಸಾಕ್ಷಿಗೆ ಕರೆಯುತ್ತಾನೆ. ಕಲ್ಲು ಎಲ್ಲಿತ್ತೆಂದು ತಮ್ಮನಿಗೆ ಗೊತ್ತು. "ಒಂದೇ ರಕ್ತವಲ್ಲವೇ, ನನಗೋಸ್ಕರ ಇಷ್ಟು ಹೇಳಲಾರೆಯಾ?" ಎಂದು ಅಣ್ಣನು ಕೇಳುತ್ತಾನೆ. ಹೇಳಬಾರದು. ಆದರೆ ಹೇಳದೆ ಇದ್ದ ತಮ್ಮನು, "ನಾನು ಸತ್ಯವಂತನು" ಎಂದು ಬಾಗಲು ಮುಚ್ಚಿಕೊಂಡರೆ ಅವನೂ ಅರ್ಧ ದಾರಿಯಲ್ಲಿ ನಿಂತವನೇ. ಅಣ್ಣನ ಬಿತ್ತನೆಗೆ ತನ್ನ ಎತ್ತುಗಳನ್ನು ಕೊಡಲಿ. ಹೋದ ಹೊಲಕ್ಕೆ ಬದಲಾಗಿ ತನ್ನ ಪಾಲಿನಲ್ಲಿ ಬೆಳೆದದ್ದನ್ನು ಹಂಚಿಕೊಳ್ಳಲಿ. ಎದುರಾಳಿಯ ಮನೆಗೆ ಹತ್ತು ಸಾರಿ ಹೋಗಿ ರಾಜಿಯನ್ನು ಬೇಡಲಿ. ಅದೇ ಅವನು ನಡೆಯತಕ್ಕ ಲಂಡನಿನ ದಾರಿ.

ಮನೆಯಲ್ಲಿ ಹಣ ಸಾಲದೆ ಹೋದಾಗ ಮಗನ ಓದನ್ನು ನಡಿಸಿ ಮಗಳ ಓದನ್ನು ನಿಲ್ಲಿಸಿ, "ತಮ್ಮನಿಗೋಸ್ಕರ ಅವಳು ತ್ಯಾಗಮಾಡಿದಳು" ಎಂದು ನೆಂಟರ ಮುಂದೆ ಹೊಗಳುವ ತಂದೆತಾಯಿಗಳುಂಟು. ಅವಳನ್ನು ಕೇಳಿದಿರೋ? ಬೇಡವೆನ್ನುವದಕ್ಕೆ ಅವಳಿಗೆ ಎಡೆಯಿತ್ತೋ? ನಿಮ್ಮ ತಂಬಾಕನ್ನೂ ಹಬ್ಬದ ಸೀರೆಯನ್ನೂ ಮೊದಲು ನಿಲ್ಲಿಸಿ ನೋಡಿದಿರೋ? ಹಾಗಿಲ್ಲದಿದ್ದರೆ ಅದು ತ್ಯಾಗವಲ್ಲ, ಕಲ್ಲನಕೇರಿಯ ಕೆರೆಯೇ. ಸುಮ್ಮನಿರುವವರನ್ನು ಒಪ್ಪಿದವರೆಂದು ಎಣಿಸುವದು ಬಲವುಳ್ಳವರಿಗೆ ಬಹು ಅನುಕೂಲವಾದ ರೂಢಿ.

ಗೆಳೆಯನು ಕುಡಿತಕ್ಕೋ ಜೂಜಿಗೋ ಬಿದ್ದಿದ್ದಾನೆ. ಒಂದು ಕಾಲದಲ್ಲಿ ಅವನು ನಿಮಗೆ ಉಪಕಾರಮಾಡಿದವನು. ಅವನು ಹಣ ಕೇಳಿದಾಗಲೆಲ್ಲಾ ಕೊಡುವದೂ ಹೆಂಡತಿಯ ಮುಂದೆ ಅವನ ಪರವಾಗಿ ನೆವ ಹೇಳುವದೂ ಕರ್ಣನ ಸ್ನೇಹ. ಅವನ ಕೋಪವನ್ನು ತಾಳಿಕೊಂಡು ಬೇಡವೆಂದು ಹೇಳಿ, ಅವನ ಮಕ್ಕಳು ಉಪವಾಸ ಬೀಳದಂತೆ ನೋಡಿಕೊಂಡು, ಅವನು ಬೈದು ಕಳುಹಿಸಿದ ಮೇಲೆಯೂ ಮರುದಿನ ಅವನ ಜಗಲಿಯ ಮೇಲೆ ಹೋಗಿ ಕೂತುಕೊಳ್ಳುವದು ಅದಕ್ಕಿಂತ ದೊಡ್ಡ ಸ್ನೇಹ. ಇದನ್ನು ಯಾರೂ ಹಾಡಾಗಿ ಕಟ್ಟುವದಿಲ್ಲ.

ಆದಕಾರಣ ಪ್ರಿಯರೇ, ಇನ್ನು ಮುಂದೆ ಯಾರಾದರೂ ನಿಮ್ಮ ಮುಂದೆ ತ್ಯಾಗವೆಂಬ ಮಾತನ್ನು ಎತ್ತಿದಾಗ ಮೂರು ಪ್ರಶ್ನೆಗಳನ್ನು ಕೇಳಿರಿ. ಕೊಡಲ್ಪಡುವ ವಸ್ತುವು ಯಾರದು? ಅದನ್ನು ಕೊಡುವವನೇ ಕಳಕೊಳ್ಳುತ್ತಾನೋ, ಮತ್ತೊಬ್ಬನೋ? ಇವೆರಡಕ್ಕೆ ತಕ್ಕ ಉತ್ತರ ಸಿಕ್ಕದೆ ನೀವು ಬೇಡವೆಂದು ಹೇಳಬೇಕಾದರೆ ಧೈರ್ಯವಾಗಿ ಹೇಳಿರಿ. ಹೇಳಿದ ಮೇಲೆ ಮೂರನೇ ಪ್ರಶ್ನೆಯನ್ನು ನಿಮ್ಮನ್ನೇ ಕೇಳಿಕೊಳ್ಳಿರಿ: ಈಗ ನಾನು ಅವನಿಗಾಗಿ ಎಷ್ಟು ದೂರ ನಡೆಯಬೇಕು?